ದ್ವಾದಶಿಯ ಚಂದ್ರ

ತೂಬಗೆರೆಯು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಊರಿನ ಪೂರ್ವಕ್ಕೆ ನಂದಿ ಬೆಟ್ಟದ ಸಾಲು. ಹುಣ್ಣಿಮೆಯ ಸಂಜೆ ಚಂದ್ರನು ಆ ಸಾಲಿನ ಹಿಂದಿನಿಂದ ಮೇಲೇರುವಾಗ ಕಿತ್ತಳೆ ಬಣ್ಣದ ದೊಡ್ಡ ತಟ್ಟೆಯಂತೆ ತೋರುತ್ತಾನೆ. ಬಾಲ್ಯದಲ್ಲಿ ನಾವು ಅದರೊಳಗೆ ಮೊಲವನ್ನು ಹುಡುಕುತ್ತಿದ್ದೆವು. ಮೊಲದ ಗುರುತನ್ನು ಹೊತ್ತವನಾದುದರಿಂದಲೇ ಅವನಿಗೆ ಶಶಾಂಕನೆಂಬ ಹೆಸರು ಬಂದಿತೆಂದು ಮುಂದೆ ಎಷ್ಟೋ ವರ್ಷ ತರಗತಿಯಲ್ಲಿ ನಾನೇ ಹೇಳಿಕೊಟ್ಟೆ. ಆದರೆ ಆ ಗುರುತನ್ನು ಸಾವಧಾನವಾಗಿ ನೋಡುವ ಪ್ರಯತ್ನ ಮಾಡಿದ್ದು ನಿವೃತ್ತನಾದ ಮೇಲೆಯೇ.

ಬೆಂಗಳೂರಿನಲ್ಲಿ ಹಳೆಯ ಸಾಮಾನುಗಳು ಮಾರಾಟವಾಗುವ ಭಾನುವಾರದ ಸಂತೆಯಲ್ಲಿ ನನಗೊಂದು ಮಸೂರ ದೊರೆಯಿತು. ಸೋವಿಯತ್ ಒಕ್ಕೂಟವಿದ್ದ ಕಾಲದಲ್ಲಿ ಅಲ್ಲಿ ತಯಾರಾದದ್ದು, ಹೆಸರು ಎಂ.ಟಿ.ಓ. 500. ನೋಡಲು ಅಕ್ಕಿ ಅಳೆಯುವ ಸೇರಿನಂತೆ ಗಿಡ್ಡ, ದಪ್ಪ. ಒಳಗಾಜಿನ ಅಂಚಿನಲ್ಲಿ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಗ್ರೀಸು ಒಣಗಿ, ತಿರುಗಿಸುವ ಬಳೆ ಬಿಗಿದುಕೊಂಡಿತ್ತು. ಗ್ರೀಸನ್ನು ಬದಲಾಯಿಸಿದ್ದಾಯಿತು, ಬೂಷ್ಟು ಮಾತ್ರ ಈಗಲೂ ಸ್ವಲ್ಪ ಉಳಿದಿದೆ. ಹಲವು ಮಳೆಗಾಲಗಳನ್ನು ಕಂಡ ಮಸೂರಗಳಿಗೆ ಇದು ಸಾಮಾನ್ಯ ರೋಗ. ಚಿತ್ರ ಕೊಂಚ ಮಂಕಾಗುತ್ತದೆ, ಅಷ್ಟೆ. ಮಗಳ ಮನೆಯಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಡಿಜಿಟಲ್ ಕ್ಯಾಮರಾ ಒಂದಕ್ಕೆ ಲೋಹದ ಬಳೆಯ ಮೂಲಕ ಅದನ್ನು ಜೋಡಿಸಿದೆ.

ಈ ಮಸೂರದ ಹಿಂದಿನ ಕಥೆ ಉಪಾಧ್ಯಾಯರಿಗೆ ಹಿಡಿಸುವಂಥದು. 1941ರಲ್ಲಿ ಯುದ್ಧದ ಕಾರಣ ಲೆನಿನ್‌ಗ್ರಾಡನ್ನು ಬಿಟ್ಟು ರೈಲಿನಲ್ಲಿ ಹೊರಟಿದ್ದ ಮಕ್ಸುತೋವ್ ಎಂಬ ದೃಗ್ವಿಜ್ಞಾನಿ, ಶಾಲೆಗಳಿಗೆ ಒದಗಿಸಬಹುದಾದ ಅಗ್ಗದ, ಗಟ್ಟಿಮುಟ್ಟಾದ ದೂರದರ್ಶಕವನ್ನು ಕುರಿತು ಆಲೋಚಿಸುತ್ತಿದ್ದರು. ಆ ಆಲೋಚನೆಯಿಂದಲೇ ಈ ಬಗೆಯ ರಚನೆ ಹುಟ್ಟಿತು. ಮುಂದೆ ಬಾಗಿದ ದಪ್ಪ ಗಾಜು. ಹಿಂದೆ ನಡುವೆ ತೂತುಳ್ಳ ದರ್ಪಣ. ಒಳಬಂದ ಬೆಳಕು ದರ್ಪಣಕ್ಕೆ ತಾಗಿ ಮುಂದಕ್ಕೆ ಮರಳಿ, ಗಾಜಿನ ನಡುವೆ ಇರುವ ಚಿಕ್ಕ ದರ್ಪಣಕ್ಕೆ ಬಡಿದು, ತೂತಿನ ಮೂಲಕ ಕ್ಯಾಮರಾದೊಳಗೆ ಬರುತ್ತದೆ. ಹೀಗೆ ಬೆಳಕಿನ ದಾರಿಯನ್ನು ಮಡಿಸಿರುವುದರಿಂದ ಉದ್ದನೆಯ ಕೊಳವೆಯ ಕೆಲಸವನ್ನು ಗಿಡ್ಡ ಕೊಳವೆಯೇ ಮಾಡುತ್ತದೆ. ಗಾಜುಗಳನ್ನಷ್ಟೇ ಜೋಡಿಸಿ ಮಾಡಿದ ಹಳೆಯ ಟೆಲಿಫೋಟೊ ಮಸೂರಗಳಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣದ ಜರಿ ಹತ್ತುವುದುಂಟು. ದರ್ಪಣದಿಂದ ಆ ತೊಂದರೆಯಿಲ್ಲ.

ಚಂದ್ರನ ಅಡ್ಡಳತೆ 3474 ಕಿಲೋಮೀಟರ್. ನಮ್ಮಿಂದ ಅವನ ಸರಾಸರಿ ದೂರ 3,84,400 ಕಿಲೋಮೀಟರ್. ಅಂದರೆ ದೂರವು ಅಡ್ಡಳತೆಯ ಸುಮಾರು 110ರಷ್ಟು. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಉಳಿದುದೆಲ್ಲ ಅಂಕಗಣಿತ. 25 ಮಿಲಿಮೀಟರ್ ಅಗಲದ ನಾಣ್ಯವನ್ನು ಕಣ್ಣಿನಿಂದ ಎರಡೂಮುಕ್ಕಾಲು ಮೀಟರ್ ದೂರದಲ್ಲಿ ಹಿಡಿಸಿದರೆ ಅದು ಚಂದ್ರನನ್ನು ಸರಿಯಾಗಿ ಮುಚ್ಚುತ್ತದೆ. ಮಸೂರದ ಸಂಗಮದೂರವನ್ನು 110ರಿಂದ ಭಾಗಿಸಿದರೆ ಕ್ಯಾಮರಾದೊಳಗೆ ಬೀಳುವ ಚಂದ್ರಬಿಂಬದ ಅಳತೆ ದೊರೆಯುತ್ತದೆ. ಸಾಮಾನ್ಯ ಕ್ಯಾಮರಾದ 50 ಮಿಲಿಮೀಟರ್ ಮಸೂರದಲ್ಲಿ ಬಿಂಬ ಅರ್ಧ ಮಿಲಿಮೀಟರಿಗೂ ಕಡಿಮೆ. ಸಾಸಿವೆ ಕಾಳಿಗಿಂತ ಚಿಕ್ಕದು. ನನ್ನ 500 ಮಿಲಿಮೀಟರ್ ಮಸೂರದಲ್ಲಿ ನಾಲ್ಕೂವರೆ ಮಿಲಿಮೀಟರ್. ಇದನ್ನು ಅಲ್ಪವೆಂದು ಬಗೆಯಬಾರದು. 1959ರ ಅಕ್ಟೋಬರ್ 7ರಂದು ಲೂನಾ 3 ಎಂಬ ನೌಕೆ, ಮನುಷ್ಯರು ಅದುವರೆಗೆ ಕಂಡಿರದ ಚಂದ್ರನ ಹಿಂಬದಿಯನ್ನು ಚಿತ್ರಿಸಿತು. ಅದರಲ್ಲಿದ್ದ ಎರಡು ಮಸೂರಗಳಲ್ಲಿ ಒಂದರ ಸಂಗಮದೂರ 200 ಮಿಲಿಮೀಟರ್, ಇನ್ನೊಂದರದು 500. ಸುಮಾರು 40 ನಿಮಿಷಗಳಲ್ಲಿ 29 ಚಿತ್ರಗಳು! ಫಿಲ್ಮನ್ನು ನೌಕೆಯೊಳಗೇ ತೊಳೆದು ಒಣಗಿಸಿ, ಚಿತ್ರಗಳನ್ನು ರೇಡಿಯೊ ಮೂಲಕ ಭೂಮಿಗೆ ಕಳುಹಿಸಲಾಯಿತು.

ಬೆಟ್ಟದ ಮೇಲೆ ಮೂಡುವ ಚಂದ್ರ ದೊಡ್ಡವನು, ನೆತ್ತಿಯ ಮೇಲಿನ ಚಂದ್ರ ಚಿಕ್ಕವನು ಎಂಬ ನಮ್ಮೆಲ್ಲರ ನಂಬಿಕೆಯನ್ನು ನಾನು ಮೊದಲು ಕಳೆದುಕೊಂಡದ್ದು ಈ ಮಸೂರದಿಂದ. ಒಂದೇ ರಾತ್ರಿಯ ಎರಡು ಚಿತ್ರಗಳನ್ನು ಅಳತೆಪಟ್ಟಿಯಿಂದ ಅಳೆದರೆ ಅಗಲ ಒಂದೇ. ಸೂಕ್ಷ್ಮವಾಗಿ ಹೇಳುವುದಾದರೆ ಮೂಡುವ ಚಂದ್ರನೇ ಕೂದಲೆಳೆಯಷ್ಟು ಚಿಕ್ಕವನು. ಭೂಮಿಯ ಅರೆವ್ಯಾಸದಷ್ಟು ದೂರ ಆಗ ನಮಗೆ ಹೆಚ್ಚಾಗಿರುತ್ತದೆ. ದೊಡ್ಡದಾಗಿ ಕಾಣುವುದು ಕಣ್ಣಿನ ಹಿಂದಿನ ಮನಸ್ಸಿಗೆ.

ಮೊದಲ ದಿನಗಳ ನನ್ನ ಚಿತ್ರಗಳೆಲ್ಲ ಸುಣ್ಣದ ಉಂಡೆಗಳಾಗಿದ್ದವು. ರಾತ್ರಿಯ ಕತ್ತಲೆಗೆ ಬಹಳ ಬೆಳಕು ಬೇಕೆಂದು ಭಾವಿಸಿ ಅರ್ಧ ಸೆಕೆಂಡಿನ ಕಾಲ ಕವಾಟವನ್ನು ತೆರೆದಿಡುತ್ತಿದ್ದೆ. ತಪ್ಪು ತಿಳಿಯಲು ಒಂದು ತಿಂಗಳು ಹಿಡಿಯಿತು. ಚಂದ್ರನು ದೀಪವಲ್ಲ, ಬಿಸಿಲಿನಲ್ಲಿ ಬಿದ್ದಿರುವ ಕಲ್ಲು. ಅಲ್ಲಿ ಈಗ ಹಗಲು. ಬೆಳ್ದಿಂಗಳನ್ನು ಹಾಲಿಗೆ ಹೋಲಿಸುವ ಕವಿಗಳ ಮಾತು ಹೇಗೇ ಇರಲಿ, ಆ ಕಲ್ಲು ಬಿಸಿಲಿನ ನೂರರಲ್ಲಿ ಹನ್ನೆರಡು ಪಾಲನ್ನಷ್ಟೇ ಮರಳಿಸುವ, ಸವೆದ ಡಾಂಬರು ರಸ್ತೆಯಂತಹ ಕಪ್ಪುಕಲ್ಲು. ಆದುದರಿಂದ ಹಗಲಿನ ದೃಶ್ಯಕ್ಕೆ ಕೊಡುವಷ್ಟೇ ಅಲ್ಪ ಕಾಲವನ್ನು ಅದಕ್ಕೂ ಕೊಡಬೇಕು. ಸೆಕೆಂಡಿನ 125ರಲ್ಲಿ ಒಂದು ಭಾಗಕ್ಕೆ ಇಳಿಸಿದೊಡನೆ ಉಂಡೆಯ ಮೇಲೆ ಮೊಲ ಮೂಡಿತು.

ಮೊಲ ದೊರೆತ ಮೇಲೆ ಆಸೆ ಬೆಳೆಯಿತು. ಚಂದ್ರನ ಮೇಲಿನ ಒಂದು ಕುಳಿಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. 1933ರಿಂದ 1970ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನಲ್ಲಿಯೇ ಇದ್ದು ಬೆಳಕನ್ನು ಅಭ್ಯಸಿಸಿದವರು ಅವರು. ಬಿರುಗಾಳಿಗಳ ಸಾಗರವೆಂದು ಕರೆಯುವ ಬಯಲಿನಲ್ಲಿ, ಅರಿಸ್ಟಾರ್ಕಸ್ ಎಂಬ ಬಿಳಿಯ ಕುಳಿಯ ಪಶ್ಚಿಮಕ್ಕೆ ಅದರ ಸ್ಥಾನ. ಅಗಲ ಹತ್ತು ಕಿಲೋಮೀಟರಿನಷ್ಟು. ನನ್ನ ಮಸೂರದಲ್ಲಿ ಅದರ ಬಿಂಬ ಒಂದು ಮಿಲಿಮೀಟರಿನ ಸಾವಿರದಲ್ಲಿ ಹದಿಮೂರು ಭಾಗ; ತಲೆಗೂದಲಿನ ದಪ್ಪದ ಐದನೆಯ ಒಂದಂಶ. ದೊರೆತರೆ ಅಂಚಿನಲ್ಲಿ ದೊರೆಯಬೇಕು, ಇಲ್ಲವಾದರೆ ಇಲ್ಲ.

ಹುಣ್ಣಿಮೆಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಉತ್ತ ಹೊಲದ ಸಾಲುಗಳು ನಡುಹಗಲಿನಲ್ಲಿ ಮಟ್ಟಸವಾಗಿ ತೋರುತ್ತವೆ. ಸಂಜೆಯ ಓರೆ ಬಿಸಿಲಿಗೆ ಒಂದೊಂದು ಹೆಂಟೆಯೂ ನೆರಳು ಚಾಚುತ್ತದೆ. ಚಂದ್ರನಲ್ಲಿಯೂ ಹಗಲು ಇರುಳುಗಳ ಗಡಿ ಎಲ್ಲಿ ಹಾಯುತ್ತದೆಯೋ ಅಲ್ಲಿ ಮಾತ್ರ ಕುಳಿಗಳು ಎದ್ದು ಕಾಣುತ್ತವೆ. ಆ ಗಡಿಯು ರಾಮನ್ ಕುಳಿಯ ಬಳಿಗೆ ಬರುವುದು ಶುಕ್ಲಪಕ್ಷದ ದ್ವಾದಶಿಯ ಆಸುಪಾಸಿನಲ್ಲಿ. ಹೀಗಾಗಿ ತಿಂಗಳಿಗೆ ಒಂದೆರಡು ರಾತ್ರಿ ಮಾತ್ರ ಅವಕಾಶ. ಮುಂಗಾರು, ಹಿಂಗಾರುಗಳ ಮೋಡದಲ್ಲಿ ಹಲವು ದ್ವಾದಶಿಗಳು ಹೋದವು.

ಸಂಕ್ರಾಂತಿಗೆ ಮುಂಚಿನ ದ್ವಾದಶಿ ತಿಳಿಯಾಗಿತ್ತು. ಹಬ್ಬಕ್ಕೆ ಬಂದಿದ್ದ ಮಗಳ ಮಗನು ತಾರಸಿಗೆ ಜೊತೆಯಾದನು. ಒಳಗಿನ ಬೆಚ್ಚನೆಯ ಗಾಳಿ ಬಿಂಬವನ್ನು ಕದಡುವುದರಿಂದ ಮಸೂರವನ್ನು ಅರ್ಧ ಗಂಟೆ ಮೊದಲೇ ಹೊರಗೆ ಇಟ್ಟು ತಣಿಸಿದೆವು. ಕವಾಟದ ಸಣ್ಣ ಅದುರಾಟವೂ ಚಿತ್ರವನ್ನು ಕೆಡಿಸುತ್ತದೆ. ಅದಕ್ಕೆ ನನ್ನ ಉಪಾಯ ರಾಗಿಯ ಚೀಲ. ಗೋಡೆಯ ಮೇಲೆ ಚೀಲವಿಟ್ಟು ಮಸೂರವನ್ನು ಅದರಲ್ಲಿ ಹುದುಗಿಸಿದರೆ ಯಾವ ದುಬಾರಿ ಮುಕ್ಕಾಲಿಗೂ ಕಡಿಮೆಯಿಲ್ಲ. ಕುತ್ತಿಗೆಯ ನೋವು ಮಾತ್ರ ತಪ್ಪದು. ಬಂಡೆಗಳ ಕಾವು ಇಳಿದು ಚಂದ್ರನು ಮೇಲಕ್ಕೆ ಬರುವವರೆಗೆ ಕಾದು, ಒಂಬತ್ತರ ಮೇಲೆ ಹನ್ನೆರಡು ಚಿತ್ರಗಳನ್ನು ತೆಗೆದೆ. ಪ್ರತಿಸಲವೂ ಬಳೆಯನ್ನು ತಪ್ಪಿಸಿ ಮತ್ತೆ ಹೊಂದಿಸಿದೆ.

ಅಷ್ಟರಲ್ಲಿ ಹುಡುಗನು ತನ್ನ ತಾಯಿಯ ಮೊಬೈಲನ್ನು ಮೇಲೆತ್ತಿ ಒಂದು ಚಿತ್ರ ತೆಗೆದು, "ನೋಡು ತಾತ, ನಿನ್ನದಕ್ಕಿಂತ ಚೆನ್ನಾಗಿದೆ" ಎಂದನು. ನಿಜಕ್ಕೂ ಚೆನ್ನಾಗಿತ್ತು. ಕುಳಿಗಳು ಕೊರೆದಿಟ್ಟಂತಿದ್ದವು. ನನ್ನ ಮನಸ್ಸು ಕ್ಷಣಕಾಲ ಮುದುಡಿತೆಂದು ಒಪ್ಪಿಕೊಳ್ಳಬೇಕು.

ಅನಂತರ ಅವನಿಗೊಂದು ಸಂಗತಿಯನ್ನು ಹೇಳಿದೆ. 2023ರಲ್ಲಿ ಆಸಕ್ತನೊಬ್ಬನು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕುಗೊಳಿಸಿ, ಗಣಕದ ತೆರೆಯ ಮೇಲೆ ಇರಿಸಿ, ಕತ್ತಲೆಯ ಕೋಣೆಯಲ್ಲಿ ದೂರದಿಂದ ಮೊಬೈಲಿನಲ್ಲಿ ಸೆರೆಹಿಡಿದನು. ಮಸುಕಿನಲ್ಲಿ ಅಳಿಸಿಹೋಗಿದ್ದ ಕುಳಿಗಳು ಮೊಬೈಲಿನ ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡವು. ಕೆಲವು ಮೊಬೈಲುಗಳು ಎದುರಿಗಿರುವುದು ಚಂದ್ರನೆಂದು ಗುರುತಿಸಿದೊಡನೆ, ಮೊದಲೇ ಕಲಿತಿಟ್ಟ ವಿವರಗಳನ್ನು ಅದಕ್ಕೆ ಸೇರಿಸುತ್ತವೆ. ಇವನ ಕೈಯಲ್ಲಿದ್ದುದು ಆ ಜಾತಿಯದೋ ಅಲ್ಲವೋ ನಾನರಿಯೆ. ಅವನು ಬಹಳ ಹೊತ್ತು ತೆರೆಯನ್ನು ನೋಡಿ, "ಹಾಗಾದರೆ ಇದರಲ್ಲಿ ಈ ಹೊತ್ತಿನ ಚಂದ್ರ ಎಷ್ಟು?" ಎಂದು ಕೇಳಿದನು.

ಮರುದಿನ ಬೆಳಗ್ಗೆ ನನ್ನ ಹನ್ನೆರಡು ಚಿತ್ರಗಳನ್ನು ನಕಾಶೆಯ ಪಕ್ಕದಲ್ಲಿಟ್ಟು ಇಬ್ಬರೂ ಕುಳಿತೆವು. ಅರಿಸ್ಟಾರ್ಕಸ್ ಎಲ್ಲದರಲ್ಲಿಯೂ ಇತ್ತು. ಅದರ ಪಶ್ಚಿಮಕ್ಕೆ, ನಕಾಶೆಯು ಹೇಳುವ ಜಾಗದಲ್ಲಿ, ಏಳು ಚಿತ್ರಗಳಲ್ಲಿ ಒಂದು ಬೂದು ಚುಕ್ಕೆ ಕಂಡಿತು, ಐದರಲ್ಲಿ ಇರಲಿಲ್ಲ. ಕ್ಯಾಮರಾದ ಒಳಗಿನ ಕಲಬೆರಕೆಯ ಚುಕ್ಕೆಗಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬೀಳುತ್ತವೆ. ಇದಾದರೋ ಏಳರಲ್ಲಿಯೂ ಅದೇ ಜಾಗ. ಬೂಷ್ಟಿನ ನೆರಳಿರಬಹುದೇ ಎಂದು ಹುಡುಗನೇ ಸಂಶಯ ತೆಗೆದನು. ಬೂಷ್ಟು ಹಾಗೆ ಚುಕ್ಕೆಯಾಗಿ ಮೂಡುವುದಿಲ್ಲವೆಂದು ಹೇಳಿದೆನಾದರೂ, ಆ ಐದು ಚಿತ್ರಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಳಿ ಕದಡಿರಬಹುದು, ಬಳೆ ತಪ್ಪಿರಬಹುದು. ಚುಕ್ಕೆಯ ಮುಂದೆ ಪೆನ್ಸಿಲಿನಿಂದ 'ರಾಮನ್' ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದೆ. ಅವನು ಗೋಡೆಯ ಪಂಚಾಂಗದಲ್ಲಿ ಮುಂದಿನ ಶುಕ್ಲ ದ್ವಾದಶಿಯನ್ನು ಹುಡುಕಿ ಸುತ್ತಲೂ ಗೆರೆ ಎಳೆದನು. ಅದು ಶಾಲೆಯಿರುವ ದಿನವೆಂದು ಅವನ ತಾಯಿ ಒಳಗಿನಿಂದ ಕೂಗಿ ಹೇಳಿದಳು.