ಹೃದಯದ ಇಂಧನ

ಮಂಡ್ಯದ ಬಳಿಯ ಯಲಿಯೂರಿನ ಗದ್ದೆಯಲ್ಲಿ ಕಬ್ಬು ಕಡಿಯುವ ಕೂಲಿಗಾರನು ಮಧ್ಯಾಹ್ನ ಮರದ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಅವನ ತೋಳುಗಳಿಗೆ ಬಿಡುವುಂಟು, ಹೃದಯಕ್ಕಿಲ್ಲ. ನಿಮಿಷಕ್ಕೆ ಸುಮಾರು 70 ಬಾರಿಯಂತೆ ಅದು ದಿನಕ್ಕೆ 1 ಲಕ್ಷ ಸಲ ಮಿಡಿಯುತ್ತದೆ. ಈ ದುಡಿಮೆಗೆ ಬೇಕಾದ ಶಕ್ತಿಯು ಎಲ್ಲಿಂದ ಬರುತ್ತದೆ?

ದೇಹದಿಂದ ಬೇರ್ಪಡಿಸಿದ ಹೃದಯವು ತಕ್ಕ ಲವಣದ್ರಾವಣದಲ್ಲಿ ಕೆಲಕಾಲ ಮಿಡಿಯುವುದೆಂದು 19ನೆಯ ಶತಮಾನದಲ್ಲಿಯೇ ತಿಳಿದಿತ್ತು. 1901ರಲ್ಲಿ ಫ್ರಾಂಕ್ ಲಾಕ್ ಎಂಬ ವಿಜ್ಞಾನಿಯು ಆ ದ್ರಾವಣಕ್ಕೆ ಗ್ಲೂಕೋಸನ್ನು ಬೆರೆಸಿದನು. ಹೃದಯವು ಮೊದಲಿಗಿಂತ ಹೆಚ್ಚು ಹೊತ್ತು ಮಿಡಿಯಿತು.

ಆದರೆ ಸ್ನಾಯುವು ಸಕ್ಕರೆಯನ್ನು ನೇರವಾಗಿ ಬಳಸಲಾರದು. ಆಹಾರದ ಶಕ್ತಿಯು ಮೊದಲು ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಅಡಕವಾಗಬೇಕು. 1929ರಲ್ಲಿ ಇದನ್ನು ಕಂಡುಹಿಡಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರು. ಇಂಥವರ ಹೆಸರು ನಮ್ಮಲ್ಲಿ ಹಲವರಿಗೆ ತಿಳಿಯದಿರುವುದು ವಿಷಾದಕರ. ಹೃದಯದಲ್ಲಿರುವ ಎ.ಟಿ.ಪಿ. ಕೆಲವೇ ಸೆಕೆಂಡುಗಳಿಗೆ ಸಾಲುತ್ತದೆ. ಆದುದರಿಂದ ಸುಮಾರು 300 ಗ್ರಾಂ ತೂಗುವ ಈ ಅಂಗವು ದಿನವೊಂದಕ್ಕೆ ಹಲವು ಕಿಲೋಗ್ರಾಂ ಎ.ಟಿ.ಪಿ.ಯನ್ನು ಮತ್ತೆ ಮತ್ತೆ ತಯಾರಿಸಿಕೊಳ್ಳುತ್ತದೆ.

ಸಂಕುಚಿಸಲು ಮಾತ್ರವಲ್ಲ, ಸಡಿಲಗೊಳ್ಳಲೂ ಶಕ್ತಿ ಬೇಕು. ಕ್ಯಾಲ್ಸಿಯಂ ಸ್ನಾಯುತಂತುಗಳ ಬಳಿಗೆ ಬಂದಾಗ ಸಂಕೋಚನ ಮೊದಲಾಗುತ್ತದೆ. ಅದನ್ನು ಮರಳಿ ಅದರ ಉಗ್ರಾಣಕ್ಕೆ ಸಾಗಿಸಲು ಎ.ಟಿ.ಪಿ. ವೆಚ್ಚವಾಗುತ್ತದೆ. ಶಕ್ತಿ ಸಾಲದ ಹೃದಯವು ಬಿಗಿದುಕೊಳ್ಳುತ್ತದೆ. ಬಿಗಿದ ಹೃದಯವು ರಕ್ತವನ್ನು ಚೆನ್ನಾಗಿ ತುಂಬಿಕೊಳ್ಳಲಾರದು.

ಇಂಧನದ ವಿಷಯದಲ್ಲಿ ಹೃದಯವು ಹಟಮಾರಿಯಲ್ಲ. ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ಶಕ್ತಿಯು ಕೊಬ್ಬಿನ ಆಮ್ಲಗಳಿಂದ ದೊರೆಯುತ್ತದೆ. ಊಟವಾದ ಮೇಲೆ ಗ್ಲೂಕೋಸಿನ ಪಾಲು ಹೆಚ್ಚುತ್ತದೆ. ದೀರ್ಘ ಉಪವಾಸದಲ್ಲಿ ಕೀಟೋನುಗಳು ನೆರವಾಗುತ್ತವೆ. ಕೂಲಿಗಾರನ ದಣಿದ ತೋಳುಗಳು ಹೊರಬಿಡುವ ಲ್ಯಾಕ್ಟೇಟನ್ನೂ ಅವನ ಹೃದಯ ಉರುವಲಾಗಿಸಿಕೊಳ್ಳುತ್ತದೆ. ಆಲೆಮನೆಯ ಒಲೆಯು ಕಬ್ಬಿನ ಸಿಪ್ಪೆಯನ್ನೂ ಸೌದೆಯನ್ನೂ ಉರಿಸಬಲ್ಲದು. ಆದರೆ ಗಾಳಿಯ ದಾರಿ ಮುಚ್ಚಿದರೆ ನಂದಿಹೋಗುತ್ತದೆ. ಹೃದಯಕ್ಕೆ ಆಮ್ಲಜನಕವು ಹಾಗೆಯೇ.

ಹೃದಯಸ್ನಾಯುವಿಗೆ ರಕ್ತವನ್ನೊಯ್ಯುವ ಧಮನಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ, ಆ ಭಾಗದ ಸಂಕೋಚನವು ಒಂದು ನಿಮಿಷದೊಳಗೇ ಕುಗ್ಗುತ್ತದೆ. ಅಡಚಣೆ ಉಳಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಔಷಧದಿಂದ ಹೆಪ್ಪನ್ನು ಕರಗಿಸಿ ಅಥವಾ ಬಲೂನಿನಿಂದ ಧಮನಿಯನ್ನು ತೆರೆದು ರಕ್ತ ಹರಿಯುವಂತೆ ಮಾಡುತ್ತಾರೆ. ಎದೆನೋವನ್ನು ವಾಯುವೆಂದು ಬಗೆದು ಕಷಾಯ ಕುಡಿದು ಮಲಗಿದವನಿಗೆ ಈ ಚಿಕಿತ್ಸೆಯ ಹೊತ್ತು ಮೀರಿರುತ್ತದೆ. ಸತ್ತ ಸ್ನಾಯುವು ಮತ್ತೆಂದೂ ಸಂಕುಚಿಸಲಾರದು.