ಬಾಕ್ಸರ್ ಮೇಲೆ ಸಿಟ್ಟು ಬಂದರೆ ತಪ್ಪೇ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನಮಗೆ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಪಠ್ಯವಾಗಿದೆ. ಯಾವ ಪ್ರಾಣಿ ಅಂದರೆ ರಷ್ಯಾದ ಯಾವ ನಾಯಕ ಎಂದು ತರಗತಿಯಲ್ಲಿ ಪಟ್ಟಿ ಬರೆಸಿದ್ದಾರೆ. ಪರೀಕ್ಷೆಗೆ ಅಷ್ಟು ಸಾಕಂತೆ. ಆದರೆ ಓದುವಾಗ ನನಗೆ ನೆಪೋಲಿಯನ್‌ಗಿಂತ ಬಾಕ್ಸರ್ ಎಂಬ ಕುದುರೆಯ ಮೇಲೆಯೇ ಹೆಚ್ಚು ಸಿಟ್ಟು ಬಂತು. ಮೈಯಲ್ಲಿ ಅಷ್ಟು ಕಸುವಿದ್ದೂ ಯಾಕೆ ಹಾಗೆ ಕಣ್ಣುಮುಚ್ಚಿ ನಂಬಿದ? ನಮ್ಮಪ್ಪ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ. ಸೊಂಟ ಹಿಡಿದುಕೊಂಡಾಗಲೂ ‘ಸಾವುಕಾರ್ರು ನಮ್ಮನ್ನ ಕೈಬಿಡಂಗಿಲ್ಲ’ ಅಂತಾರೆ. ಬಾಕ್ಸರ್‌ನನ್ನು ಗಾಡಿಯಲ್ಲಿ ಕರೆದೊಯ್ಯುವ ಅಧ್ಯಾಯ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಸಿಟ್ಟು ತಪ್ಪೇ? ಈ ಕತೆಯನ್ನು ಅಪ್ಪನಿಗೆ ಹೇಳಬಹುದೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಸಿಟ್ಟು ತಪ್ಪಲ್ಲ. ಆದರೆ ಅದು ಹೋಗಿ ನಿಲ್ಲಬೇಕಾದ ಜಾಗ ಬಾಕ್ಸರ್ ಅಲ್ಲ ಅನ್ನುವುದು ನನ್ನ ಅನಿಸಿಕೆ. ಅದನ್ನು ಹೇಳುವ ಮೊದಲು ಪಟ್ಟಿಯ ಮಾತು ಮುಗಿಸಿಬಿಡುತ್ತೇನೆ.

ಪಟ್ಟಿಯನ್ನು ಎಸೆಯಬೇಡಿ, ಅದು ಸುಳ್ಳಲ್ಲ. ಹಂದಿಗಳ ನಾಯಕ ನೆಪೋಲಿಯನ್ ಅಂದರೆ ಸ್ಟಾಲಿನ್. 1929ರಲ್ಲಿ ಸೋವಿಯತ್ ನೆಲದಿಂದ ಹೊರದಬ್ಬಿಸಿಕೊಂಡು 1940ರಲ್ಲಿ ಮೆಕ್ಸಿಕೊದಲ್ಲಿ ಕೊಲೆಯಾದ ಟ್ರಾಟ್‌ಸ್ಕಿಯೇ ಅವನ ಎದುರಾಳಿ ಹಂದಿ ಸ್ನೋಬಾಲ್. ಮುದಿ ಹಂದಿ ಓಲ್ಡ್ ಮೇಜರ್‌ನಲ್ಲಿ ಮಾರ್ಕ್ಸ್ ಮತ್ತು ಲೆನಿನ್ ಇಬ್ಬರೂ ಬೆರೆತಿದ್ದಾರೆ. ಮಾಡದ ತಪ್ಪನ್ನು ಒಪ್ಪಿಕೊಂಡು ಪ್ರಾಣಿಗಳು ಸಾಯುವ ದೃಶ್ಯಕ್ಕೆ 1936ರಿಂದ 1938ರವರೆಗಿನ ಮಾಸ್ಕೋ ವಿಚಾರಣೆಗಳು ಹಿನ್ನೆಲೆ. ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಒಂದೇ ಮೇಜಿಗೆ ಕೂತು ಇಸ್ಪೀಟು ಆಡುತ್ತಾರಲ್ಲ, ಅದರ ಹಿಂದೆ 1943ರ ಟೆಹ್ರಾನ್ ಸಮ್ಮೇಳನವಿದೆ.

ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಪಟ್ಟಿಯಲ್ಲಿ ‘ಕೋಳಿಗಳು ಎಂದರೆ ರೈತರು’ ಎಂಬ ಸಾಲೂ ಇರುತ್ತದೆ, ಅಲ್ಲವೇ? ಆ ಸಾಲನ್ನು ಬಿಟ್ಟು ಪುಸ್ತಕಕ್ಕೆ ಹೋಗಿ. ಹೊರಗಿನ ವ್ಯಾಪಾರಕ್ಕೆಂದು ವಾರಕ್ಕೆ 400 ಮೊಟ್ಟೆ ಒಪ್ಪಿಸಬೇಕೆಂದು ನೆಪೋಲಿಯನ್ ಹುಕುಂ ಮಾಡುತ್ತಾನೆ. ಕಾವಿಗೆ ಕೂರಲು ಸಿದ್ಧವಾಗಿದ್ದ ಕೋಳಿಗಳು ಇದು ಕೊಲೆ ಎಂದು ಗಲಾಟೆ ಮಾಡುತ್ತವೆ. ಮೂರು ಕಪ್ಪು ಎಳೆ ಕೋಳಿಗಳ ಮುಂದಾಳತ್ವದಲ್ಲಿ ಅವೆಲ್ಲ ಸೂರಿನ ತೊಲೆಗಳ ಮೇಲೆ ಹಾರಿ ಕೂತು ಅಲ್ಲಿಂದಲೇ ಮೊಟ್ಟೆ ಇಡುತ್ತವೆ. ಮೊಟ್ಟೆ ನೆಲಕ್ಕೆ ಬಿದ್ದು ಒಡೆಯುತ್ತದೆ. ನೆಪೋಲಿಯನ್ ಅವುಗಳ ಕಾಳು ನಿಲ್ಲಿಸುತ್ತಾನೆ. ಕಾಳು ಕೊಟ್ಟವರಿಗೂ ಸಾವೇ ಶಿಕ್ಷೆ. ಐದು ದಿನ ತಡೆದುಕೊಂಡ ಕೋಳಿಗಳು ಆಮೇಲೆ ಗೂಡಿಗೆ ಮರಳುತ್ತವೆ. ಅಷ್ಟರಲ್ಲಿ ಒಂಬತ್ತು ಸತ್ತಿರುತ್ತವೆ, ರೋಗದಿಂದ ಸತ್ತವು ಎಂದು ಸುದ್ದಿ ಹಬ್ಬಿಸಲಾಗುತ್ತದೆ. ಸಾಮೂಹಿಕ ಬೇಸಾಯಕ್ಕೆ ದನಕರು ಒಪ್ಪಿಸುವುದಕ್ಕಿಂತ ತಾವೇ ಕಡಿದುಹಾಕಿದ ಸೋವಿಯತ್ ರೈತರು, 1932–33ರಲ್ಲಿ ಉಕ್ರೇನಿನಲ್ಲಿ ಹಸಿದು ಸತ್ತ ಲಕ್ಷಾಂತರ ಜನ, ಎಲ್ಲರೂ ಆ ತೊಲೆಯ ಮೇಲೆ ಕೂತಿದ್ದಾರೆ. ಪಟ್ಟಿಯಿಂದ ತಿಳಿಯುವುದು ಅವರ ಹೆಸರು ಮಾತ್ರ, ಅವರ ಹಸಿವು ತಿಳಿಯಬೇಕಾದರೆ ಕತೆಗೇ ಹೋಗಬೇಕು.

ಈಗ ಬಾಕ್ಸರ್. ನಿಮ್ಮ ಪ್ರಶ್ನೆಯೇ ಈ ಪುಸ್ತಕ ಹುಟ್ಟಿದ ಜಾಗ ಎಂದರೆ ನಿಮಗೆ ಅಚ್ಚರಿಯಾಗಬಹುದು. ಆರ್ವೆಲ್ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ವಾಸವಾಗಿದ್ದಾಗ, ಸುಮಾರು ಹತ್ತು ವರ್ಷದ ಹುಡುಗನೊಬ್ಬ ಕಿರಿದಾದ ದಾರಿಯಲ್ಲಿ ಭಾರಿ ಗಾಡಿ ಕುದುರೆಯೊಂದನ್ನು ಹೊಡೆದುಕೊಂಡು ಹೋಗುತ್ತಿದ್ದ. ಕುದುರೆ ತಿರುಗಲು ನೋಡಿದಾಗಲೆಲ್ಲ ಚಾಟಿ ಬೀಸುತ್ತಿದ್ದ. ಈ ಪ್ರಾಣಿಗೆ ತನ್ನ ಬಲ ಎಷ್ಟೆಂಬುದು ಗೊತ್ತಾಗಿಬಿಟ್ಟರೆ ಮನುಷ್ಯನ ಆಟ ನಡೆಯುವುದೇ ಇಲ್ಲ ಎಂದು ಆಗ ಹೊಳೆಯಿತಂತೆ. ಉಕ್ರೇನಿಯನ್ ಅನುವಾದಕ್ಕೆ 1947ರಲ್ಲಿ ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಂದರೆ ನೆಪೋಲಿಯನ್ ಹುಟ್ಟುವ ಮೊದಲೇ ಬಾಕ್ಸರ್ ಹುಟ್ಟಿದ್ದ. ಅಷ್ಟು ಕಸುವಿದ್ದೂ ಯಾಕೆ ಹಾಗೆ ಎಂದು ನೀವು ಕೇಳಿದಿರಿ. ಆರ್ವೆಲ್ ಕೂಡ ಅದನ್ನೇ ಕೇಳಿಕೊಂಡು ಬರೆಯಲು ಕೂತದ್ದು.

ಆದರೆ ಬಾಕ್ಸರ್ ಕಣ್ಣುಮುಚ್ಚಿ ನಂಬಿದ ಎಂಬ ನಿಮ್ಮ ಮಾತು ಪೂರ್ತಿ ಸರಿಯಲ್ಲ. ಏಳನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಸ್ನೋಬಾಲ್ ಮೊದಲಿನಿಂದಲೂ ದ್ರೋಹಿ, ದನದ ಕೊಟ್ಟಿಗೆಯ ಕಾಳಗದಲ್ಲೂ ಶತ್ರುವಿನ ಪರವೇ ಇದ್ದ ಎಂದು ನೆಪೋಲಿಯನ್ನನ ವಕ್ತಾರ ಹಂದಿ ಸ್ಕ್ವೀಲರ್ ಹೇಳಿದಾಗ, ನಾನಿದನ್ನು ನಂಬುವುದಿಲ್ಲ ಎಂದು ಎಲ್ಲರೆದುರು ಹೇಳುವವನು ಬಾಕ್ಸರ್. ಆ ಹೊಲದಲ್ಲಿ ಅಷ್ಟು ನೇರವಾಗಿ ಎದುರಾಡುವವರು ತೀರಾ ಕಡಿಮೆ. ನೆಪೋಲಿಯನ್ನನೇ ಹೀಗೆ ಹೇಳಿದ್ದಾನೆ ಎಂದು ಸ್ಕ್ವೀಲರ್ ಒತ್ತಿ ಹೇಳಿದ ಮೇಲೆ ಮಾತ್ರ ಅವನು ಸುಮ್ಮನಾಗುತ್ತಾನೆ. ಸ್ಕ್ವೀಲರ್ ಅವನತ್ತ ಒಂದು ಕೆಟ್ಟ ನೋಟ ಬೀರಿ ಹೊರಡುತ್ತಾನೆ. ನಾಲ್ಕು ದಿನ ಕಳೆದು ಎಲ್ಲ ಪ್ರಾಣಿಗಳನ್ನೂ ಅಂಗಳದಲ್ಲಿ ಸೇರಿಸಿದಾಗ ನೆಪೋಲಿಯನ್ನನ ಕಾವಲು ನಾಯಿಗಳಲ್ಲಿ ಮೂರು ಬಾಕ್ಸರ್ ಮೇಲೆ ಎರಗುತ್ತವೆ. ಅವನು ದೊಡ್ಡ ಗೊರಸನ್ನು ಮುಂದೆ ಚಾಚಿ, ಹಾರಿ ಬರುತ್ತಿದ್ದ ಒಂದನ್ನು ಹಿಡಿದು ನೆಲಕ್ಕೆ ಒತ್ತುತ್ತಾನೆ. ಉಳಿದೆರಡು ಬಾಲ ಮುದುರಿ ಓಡುತ್ತವೆ. ಆ ಕ್ಷಣದಲ್ಲಿ ಇಡೀ ಹೊಲದ ಅಧಿಕಾರ ಅವನ ಕಾಲಡಿ ಇದೆ. ಆಗ ಬಾಕ್ಸರ್ ಏನು ಮಾಡುತ್ತಾನೆ? ತುಳಿಯಲೋ ಬಿಡಲೋ ಎಂದು ನೆಪೋಲಿಯನ್ ಮುಖ ನೋಡುತ್ತಾನೆ.

ಈ ದೃಶ್ಯದ ಮುಂದೆ ನನಗೆ ಪ್ರತಿ ಸಲವೂ ಓದು ನಿಂತುಹೋಗುತ್ತದೆ. ಬಾಕ್ಸರ್‌ಗೆ ಬಲ ಸಾಲದೆ ಹೋಗಲಿಲ್ಲ, ಧೈರ್ಯವೂ ಇತ್ತು. ತನ್ನ ಕಣ್ಣು ಕಂಡದ್ದನ್ನು ತಾನೇ ಒಪ್ಪಿಕೊಳ್ಳುವ ಭರವಸೆ ಅವನಿಗಿರಲಿಲ್ಲ. ಅಕ್ಷರ ಕಲಿಯಲು ಹೋಗಿ ಎ, ಬಿ, ಸಿ, ಡಿ ದಾಟಲಾಗದೆ ಸೋತವನು ಅವನು. ನಾಲ್ಕೇ ಅಕ್ಷರ ಬಂದವನು ‘ನೆಪೋಲಿಯನ್ ಯಾವಾಗಲೂ ಸರಿ’ ಅನ್ನುತ್ತಾನೆ. ಮಾಡದ ತಪ್ಪು ಒಪ್ಪಿಕೊಂಡ ಪ್ರಾಣಿಗಳ ಆ ದಿನದ ಕಗ್ಗೊಲೆ ಕಂಡ ಮೇಲೂ ತಪ್ಪು ನಮ್ಮಲ್ಲೇ ಇರಬೇಕು, ಇನ್ನೂ ಬೇಗ ಎದ್ದು ದುಡಿಯಬೇಕು ಎಂಬ ತೀರ್ಮಾನಕ್ಕೆ ಬರುತ್ತಾನೆ. ಸೊಂಟ ಹಿಡಿದುಕೊಂಡು ನಿಮ್ಮಪ್ಪ ಆಡುವ ಮಾತಿನಲ್ಲೂ ಇಂಥ ಒಂದು ಎಳೆ ಇದೆ. ನಂಬಿಕೆ ಅವರ ಸ್ವಭಾವ, ಅದನ್ನು ದಡ್ಡತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ನಂಬಿಕೆಯನ್ನು ಹೇಗೆ ಬಳಸಿಕೊಂಡರು, ಅದು ಗೊತ್ತಿದ್ದವರು ಏನು ಮಾಡುತ್ತಿದ್ದರು ಎಂದು ಕೇಳಬೇಕು.

ಹಾಗೆ ಕೇಳುತ್ತ ಹಿಂದೆ ಹೋದರೆ ಎರಡನೇ ಅಧ್ಯಾಯದ ಹಾಲಿಗೆ ಬರುತ್ತೇವೆ. ಹೊಲದ ಮಾಲೀಕ ಜೋನ್ಸ್‌ನನ್ನು ಓಡಿಸಿದ ಮರುದಿನ, ಇಪ್ಪತ್ತನಾಲ್ಕು ಗಂಟೆ ಹಾಲು ಕರೆಯದೆ ಹಸುಗಳ ಕೆಚ್ಚಲು ಬಿಗಿದಿರುತ್ತದೆ. ಹಂದಿಗಳು ಹೇಗೋ ಕರೆಯುತ್ತವೆ. ನೊರೆಹಾಲು ಐದು ಬಕೆಟ್ ತುಂಬುತ್ತದೆ. ಇದನ್ನೆಲ್ಲ ಏನು ಮಾಡುವುದು ಎಂದು ಯಾರೋ ಕೇಳುತ್ತಾರೆ. ಹಾಲಿನ ಚಿಂತೆ ಈಗ ಬೇಡ, ಮೊದಲು ಹುಲ್ಲು ಕೊಯ್ಲು ಎನ್ನುತ್ತಾನೆ ನೆಪೋಲಿಯನ್. ಎಲ್ಲರೂ ಹುರುಪಿನಿಂದ ಹೊಲಕ್ಕೆ ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಆ ಹಾಲು ದಿನವೂ ಹಂದಿಗಳ ತೊಟ್ಟಿಗೆ ಹೋಗುತ್ತಿತ್ತು ಎಂದು ತಿಳಿಯುವಷ್ಟರಲ್ಲಿ ಮರದಿಂದ ಉದುರಿದ ಸೇಬೂ ಅವಕ್ಕೇ ಮೀಸಲಾಗಿರುತ್ತದೆ. ತಲೆಯಿಂದ ದುಡಿಯುವವರಿಗೆ ಅದು ಬೇಕಂತೆ, ವಿಜ್ಞಾನವೇ ಹಾಗೆ ಹೇಳಿದೆಯಂತೆ, ಇಲ್ಲವಾದರೆ ಜೋನ್ಸ್ ವಾಪಸ್ ಬರುತ್ತಾನಂತೆ.

ಇಲ್ಲಿ ನಾಯಿಗಳಿಲ್ಲ, ರಕ್ತವಿಲ್ಲ. ನಮ್ಮೆಲ್ಲರ ಮೆಚ್ಚಿನ ಸ್ನೋಬಾಲ್ ಕೂಡ ಈ ವಿಷಯದಲ್ಲಿ ನೆಪೋಲಿಯನ್ ಜೊತೆಗೇ ಇದ್ದಾನೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಸ್ನೋಬಾಲ್ ಗೆದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು ಎಂದು ಅನೇಕರು ಬರೆಯುತ್ತಾರೆ. ಪುಸ್ತಕ ಅದಕ್ಕೆ ಎಡೆಗೊಡುವುದಿಲ್ಲ. ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್ ಅವರಿಗೆ 1946ರ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ ಆರ್ವೆಲ್, ಕತೆ ತಿರುಗುವುದೇ ಹಂದಿಗಳು ಹಾಲು ಸೇಬು ಇಟ್ಟುಕೊಂಡಾಗ, ಉಳಿದ ಪ್ರಾಣಿಗಳು ಅಲ್ಲೇ ಪಟ್ಟು ಹಿಡಿದಿದ್ದರೆ ಮುಂದೆಲ್ಲ ಸರಿಹೋಗುತ್ತಿತ್ತು ಎಂಬರ್ಥದ ಮಾತು ಬರೆದಿದ್ದಾರೆ. ಹಾಲು ಎಲ್ಲಿ ಹೋಯಿತು ಎಂದು ಕೇಳಲು ಕುದುರೆಯ ಬಲ ಬೇಕಿರಲಿಲ್ಲ. ಕೋಳಿಯೊಂದು ಕೇಳಿದ್ದರೂ ಸಾಕಿತ್ತು.

ಹಾಗಾದರೆ ಸಿಟ್ಟು ಎಲ್ಲಿ ನಿಲ್ಲಬೇಕು? ನನ್ನ ಮಟ್ಟಿಗೆ ಬೆಂಜಮಿನ್ ಎಂಬ ಕತ್ತೆಯ ಮೇಲೆ. ಅವನು ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ. ಆದರೆ ಓದುವಂಥದ್ದೇನೂ ಇಲ್ಲ ಎಂದು ಓದುವುದೇ ಇಲ್ಲ. ಗೋಡೆಯ ಮೇಲಿನ ಕಟ್ಟಳೆ ಬದಲಾಗಿದೆ ಎಂದು ಕ್ಲೋವರ್ ಎಂಬ ಹೆಣ್ಣು ಕುದುರೆಗೆ ಅನುಮಾನ. ಹಾಸಿಗೆಯ ಮೇಲೆ ಮಲಗಬಾರದು ಎಂದಿದ್ದ ಕಡೆ ಈಗ ಹೊದಿಕೆ ಬಟ್ಟೆಯ ಮಾತು ಸೇರಿದೆ, ಕೊಲ್ಲಬಾರದು ಎಂದಿದ್ದ ಕಡೆ ಕಾರಣದ ಮಾತು ಸೇರಿದೆ. ಓದಿ ಹೇಳು ಎಂದರೆ ಬೆಂಜಮಿನ್ ಇಂಥ ವಿಷಯಕ್ಕೆ ತಲೆ ಹಾಕುವುದಿಲ್ಲ. ಕೊನೆಗೆ ಮ್ಯೂರಿಯಲ್ ಎಂಬ ಆಡು ಅಕ್ಷರ ಕೂಡಿಸಿ ಓದುತ್ತದೆ. ಒಂದು ರಾತ್ರಿ ಏಣಿ ಮುರಿದು, ಪಕ್ಕದಲ್ಲಿ ಬಣ್ಣದ ಡಬ್ಬಿ ಉರುಳಿ, ಸ್ಕ್ವೀಲರ್ ಗೋಡೆಯ ಕೆಳಗೆ ಬಿದ್ದಿರುತ್ತಾನೆ. ಅದೇನೆಂದು ಬೆಂಜಮಿನ್‌ಗೆ ಮಾತ್ರ ಅರ್ಥವಾಗುತ್ತದೆ. ಮೂತಿ ಆಡಿಸಿ ಸುಮ್ಮನಾಗುತ್ತಾನೆ.

ಬಾಕ್ಸರ್ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಭಾನುವಾರಗಳಲ್ಲಿ ಇಬ್ಬರೂ ಜೊತೆಗೆ ಮೇಯುತ್ತ, ಮಾತಿಲ್ಲದೆ ದಿನ ಕಳೆಯುತ್ತಿದ್ದರು. ಆ ಗಾಡಿ ಬಂದ ದಿನ ಜೀವಮಾನದಲ್ಲಿ ಮೊದಲ ಸಲ ಬೆಂಜಮಿನ್ ನಾಗಾಲೋಟದಲ್ಲಿ ಓಡಿಬರುತ್ತಾನೆ. ಉಳಿದವರು ಬಾಕ್ಸರ್‌ಗೆ ಹೋಗಿಬಾ ಎನ್ನುತ್ತಿದ್ದಾಗ ಅವನು ನೆಲ ಬಡಿದು ಕೂಗಿ, ಗಾಡಿಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತಾನೆ. ಅದು ಕುದುರೆ ಕಡಿದು ಅಂಟು ಕಾಯಿಸುವವನ ಗಾಡಿ. ಒಳಗಿನಿಂದ ಬಾಕ್ಸರ್ ಒದೆಯುವ ಸದ್ದು ಕೇಳಿಸುತ್ತದೆ. ಮೊದಲಿನ ಕಸುವಿದ್ದರೆ ಆ ಹಲಗೆ ಪುಡಿಯಾಗುತ್ತಿತ್ತು, ಈಗ ಆ ಕಸುವೆಲ್ಲ ಗಾಳಿಯಂತ್ರ ಕಟ್ಟಲು ಎಳೆದ ಕಲ್ಲುಗಳಿಗೆ ಹೋಗಿದೆ. ಬೆಂಜಮಿನ್ ಓದಿದ. ಹಾಲಿನ ದಿನ ಓದಬೇಕಾದದ್ದನ್ನು ಗಾಡಿಯ ದಿನ ಓದಿದ.

ಬೆಂಜಮಿನ್ ಅಂದರೆ ಆರ್ವೆಲ್ಲೇ ಎನ್ನುವ ವಿಮರ್ಶಕರಿದ್ದಾರೆ. ನಾನು ಒಪ್ಪುವುದಿಲ್ಲ. ಆರ್ವೆಲ್ ಹೇಳಬಾರದ ಹೊತ್ತಿನಲ್ಲೇ ಹೇಳಿದವರು. ಪುಸ್ತಕ ಮುಗಿದದ್ದು 1944ರ ಆರಂಭದಲ್ಲಿ. ಆಗ ಹಿಟ್ಲರ್ ವಿರುದ್ಧ ರಷ್ಯಾ ಬ್ರಿಟನ್ನಿನ ಮಿತ್ರ. ಪ್ರಕಾಶಕ ಗೊಲಾಂಜ್ ಬೇಡ ಎಂದರು. ಕೇಪ್ ಮೊದಲು ಒಪ್ಪಿ, ಸರ್ಕಾರದ ಅಧಿಕಾರಿಯೊಬ್ಬರ ಸಲಹೆ ಕೇಳಿ ಹಿಂದೆ ಸರಿದರು. ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಕೂಡ ಒಲ್ಲೆ ಎಂದರು. ಸೆಕರ್ ಅಂಡ್ ವಾರ್‌ಬರ್ಗ್ ಅದನ್ನು ಅಚ್ಚು ಹಾಕಿದ್ದು 1945ರ ಆಗಸ್ಟ್ 17ರಂದು. ಇಂಗ್ಲೆಂಡಿನಲ್ಲಿ ಬಾಯಿ ಮುಚ್ಚಿಸಲು ಪೊಲೀಸರು ಬೇಕಿಲ್ಲ, ಬಲ್ಲವರು ತಾವೇ ಮುಚ್ಚಿಕೊಳ್ಳುತ್ತಾರೆ ಎಂಬ ನೋವಿನಿಂದ ಅವರು ಬರೆದ ಮುನ್ನುಡಿ ಆಗ ಪುಸ್ತಕದಲ್ಲಿ ಸೇರಲಿಲ್ಲ, ಬೆಳಕಿಗೆ ಬಂದದ್ದು 1972ರಲ್ಲಿ. ಅದನ್ನು ಓದಿದಾಗಿನಿಂದ ನನಗೆ ಬೆಂಜಮಿನ್ ಯಾರೆಂಬ ಬಗ್ಗೆ ಸಂಶಯ ಉಳಿದಿಲ್ಲ. ಓದುಬರಹ ಬಲ್ಲ ನಾವೆಲ್ಲ ಯಾವಾಗಲಾದರೂ ಬೆಂಜಮಿನ್ ಆಗಿರುತ್ತೇವೆ.

ನೀವು ಕೇಳಿಲ್ಲದ ಒಂದು ಮಾತನ್ನೂ ಹೇಳಬೇಕು, ಹಮಾಲರ ಮನೆಯ ಮಗಳು ಎಂಬ ಕಾರಣಕ್ಕೆ. ದುಡಿಯುವವರು ಒಗ್ಗಟ್ಟಾದರೆ ಹೀಗೇ ಆಗುತ್ತದೆ, ಇದ್ದಂತೆ ಇರುವುದೇ ಲೇಸು ಎಂದು ಈ ಪುಸ್ತಕ ಹೇಳುತ್ತದೆ ಎಂದು ಯಾರಾದರೂ ವಾದಿಸಿದರೆ ನಂಬಬೇಡಿ. ಆರ್ವೆಲ್ ಕೊನೆಯವರೆಗೂ ಸಮಾಜವಾದಿ. ಸ್ಪೇನಿನಲ್ಲಿ ಕಾರ್ಮಿಕರ ಪಡೆ ಸೇರಿ ಹೋರಾಡಿ 1937ರಲ್ಲಿ ಗಂಟಲಿಗೆ ಗುಂಡು ತಿಂದವರು. ಮ್ಯಾಕ್‌ಡೊನಾಲ್ಡ್ ಅವರಿಗೆ ಬರೆದ ಅದೇ ಪತ್ರದಲ್ಲಿ ಅವರು, ಜನ ಎಚ್ಚರವಾಗಿದ್ದು, ಕೆಲಸ ಮುಗಿದ ಕೂಡಲೇ ನಾಯಕರನ್ನು ಇಳಿಸಲು ಬಲ್ಲವರಾದರೆ ಮಾತ್ರ ಕ್ರಾಂತಿಯಿಂದ ಒಳಿತು ಎಂಬ ಅಭಿಪ್ರಾಯ ತಿಳಿಸಿದ್ದಾರೆ. ಅವರು ತೀರಿಕೊಂಡ ಮೇಲೆ ಅಮೆರಿಕದ ಸಿ.ಐ.ಎ. ಹಣದ ನೆರವಿನಿಂದ 1954ರಲ್ಲಿ ಈ ಕತೆ ಕಾರ್ಟೂನ್ ಚಿತ್ರವಾಯಿತು. ಅದರಲ್ಲಿ ಕೊನೆಯನ್ನೇ ಬದಲಿಸಿದರು, ಪ್ರಾಣಿಗಳು ಹಂದಿಗಳ ವಿರುದ್ಧ ದಂಗೆ ಎದ್ದು ಗೆಲ್ಲುತ್ತವೆ. ಮೇಜಿನ ಸುತ್ತ ಕೂತ ಮನುಷ್ಯರೇ ಚಿತ್ರದ ಆ ಕೊನೆಯಿಂದ ಮಾಯವಾದರು. ಹಂದಿ ಯಾರು, ಮನುಷ್ಯ ಯಾರು ಎಂದು ಗುರುತು ಸಿಗದಂತಾಗುವ ಮೂಲದ ಮುಕ್ತಾಯ ಇಬ್ಬರನ್ನೂ ಬಿಡುವುದಿಲ್ಲ.

ಅಪ್ಪನಿಗೆ ಹೇಳಬಹುದೇ ಎಂದಿರಿ. ಖಂಡಿತ ಹೇಳಿ. ಎರಡನೇ ಮಹಾಯುದ್ಧದ ನಂತರ ಇಹೊರ್ ಶೆವ್ಚೆಂಕೊ ಎಂಬ ತರುಣ ವಿದ್ವಾಂಸ ಜರ್ಮನಿಯ ನಿರಾಶ್ರಿತರ ನಡುವೆ ಈ ಪುಸ್ತಕದ ಭಾಗಗಳನ್ನು ಬಾಯಲ್ಲೇ ಅನುವಾದಿಸುತ್ತ ಓದಿ ಹೇಳಿದರು. ಕೇಳಿದವರು ಸೋವಿಯತ್ ನೆಲದಿಂದ ಬಂದವರು. ಅವರಿಗೆ ಯಾವ ಪ್ರಾಣಿ ಯಾರು ಎಂಬ ಪಟ್ಟಿ ಬೇಕಾಗಲಿಲ್ಲ. ಆ ಓದಿನಿಂದಲೇ ಉಕ್ರೇನಿಯನ್ ಅನುವಾದ ಹುಟ್ಟಿತು. ನಿಮ್ಮಪ್ಪನಿಗೂ ಪಟ್ಟಿ ಬೇಡ. ಆದರೆ ಬಾಕ್ಸರ್‌ನಿಂದ ಶುರು ಮಾಡಬೇಡಿ. ಅದು ಅವರಿಗೆ ತಮ್ಮನ್ನೇ ತೋರಿಸಿ ಬೈದಂತೆ ಆದೀತು. ಐದು ಬಕೆಟ್ ನೊರೆಹಾಲಿನಿಂದ ಶುರು ಮಾಡಿ. ಎಲ್ಲರೂ ಕೊಯ್ಲಿಗೆ ಹೋದರು, ಸಂಜೆ ಬಂದಾಗ ಹಾಲಿರಲಿಲ್ಲ ಎಂಬಲ್ಲಿಗೆ ನಿಲ್ಲಿಸಿ, ಹಾಲು ಏನಾಗಿರಬಹುದು ಎಂದು ಅವರನ್ನೇ ಕೇಳಿ. ಇಷ್ಟು ವರ್ಷ ತೂಕದ ಕಾಟಾದ ಪಕ್ಕ ನಿಂತು ಚೀಲ ಹೊತ್ತವರು ಅವರು, ಉತ್ತರಕ್ಕೆ ತಡಕಾಡಲಿಕ್ಕಿಲ್ಲ. ಏನಂದರು ಎಂದು ಸಾಧ್ಯವಾದರೆ ನಮಗೂ ಬರೆಯಿರಿ.