ಬಟ್ಟೆಗೆ ತಕ್ಕ ಹೊಲಿಗೆ

ಹೊಲಿಗೆಯಂತ್ರದ ಮುಂದೆ ಕುಳಿತೊಡನೆ, ಬಟ್ಟೆ ಯಾವುದೆಂದು ವಿಚಾರಿಸದೆ, ಹಿಂದಿನ ದಿನ ತಿರುಗಿಸಿಟ್ಟ ಅಳತೆಯಲ್ಲಿಯೇ ಪೆಡಲನ್ನು ತುಳಿಯುವ ಅಭ್ಯಾಸವು ನಮ್ಮಲ್ಲಿ ಅನೇಕರಿಗುಂಟು. ಅದನ್ನು ಬಿಡುವುದು ಲೇಸು. ಸಾಧಾರಣವಾದ ಹತ್ತಿಯ ಬಟ್ಟೆಗೆ ಸುಮಾರು 2.5 ಮಿಲಿಮೀಟರಿನ ನೇರ ಹೊಲಿಗೆಯು ಸಾಕಾದರೂ, ರವಿಕೆಯ ರೇಷ್ಮೆಯಂತಹ ನವುರಾದ ವಸ್ತ್ರಕ್ಕೆ 2 ಮಿಲಿಮೀಟರಿನ ಕಿರುಹೊಲಿಗೆಯೂ 11ನೆಯ ಅಂಕದ ಸಪೂರ ಸೂಜಿಯೂ, ಜೀನ್ಸಿನಂತಹ ದಪ್ಪ ಬಟ್ಟೆಗೆ 3 ಮಿಲಿಮೀಟರಿನ ಹೊಲಿಗೆಯೂ 16ನೆಯ ಅಂಕದ ಸೂಜಿಯೂ ಯುಕ್ತವಾದುವು.

ಬನಿಯನ್ನು, ಟೀ ಶರ್ಟುಗಳ ಹೆಣೆದ ಬಟ್ಟೆಯ ವಿಷಯ ಮಾತ್ರ ಬೇರೆ: ಎಳೆದಾಗ ಬಟ್ಟೆಯೇನೋ ಹಿಗ್ಗುತ್ತದೆ, ನೇರ ಹೊಲಿಗೆಯ ನೂಲು ಹಿಗ್ಗಲಾರದೆ ಕಡಿದುಹೋಗುತ್ತದೆ, ಆದಕಾರಣ ಅಲ್ಲಿ ಕಿರಿದಗಲದ ಅಂಕುಡೊಂಕು ಹೊಲಿಗೆಯನ್ನು, ಎಂದರೆ ಜಿಗ್‌ಜ್ಯಾಗನ್ನು, ಎಳೆಗಳನ್ನು ಕಡಿಯದೆ ಬದಿಗೆ ಸರಿಸುವ ಗುಂಡುತುದಿಯ ಸೂಜಿಯೊಡನೆ ಆಶ್ರಯಿಸತಕ್ಕುದು. ಚರ್ಮಕ್ಕೆ ಕಿರುಹೊಲಿಗೆ ಹಾಕಿದರೆ ಭದ್ರವಾದೀತೆಂಬುದು ಭ್ರಮೆ. ಒತ್ತೊತ್ತಾದ ರಂಧ್ರಗಳ ಸಾಲಿನಲ್ಲಿ ಅದು ಅಂಚೆಚೀಟಿಯಂತೆ ಹರಿದುಬರುತ್ತದೆ. ಇನ್ನು ಸೀರೆಗೆ ಫಾಲ್ ಹಚ್ಚುವುದಕ್ಕೆ, ಯಂತ್ರವೆಷ್ಟು ಉತ್ತಮವಾಗಿದ್ದರೂ, ಕೈಹೊಲಿಗೆಯೇ ಮೇಲೆಂಬುದು ನನ್ನ ಹಠ.

ಯಾವ ಬಟ್ಟೆಯೇ ಆಗಲಿ, ಮೊದಲು ಅದರದೇ ತುಂಡೊಂದನ್ನು ಎರಡು ಪದರವಾಗಿ ಮಡಿಚಿ ಹೊಲಿದು, ಎಳೆದು ನೋಡಿ, ಅನಂತರ ಉಡುಪಿಗೆ ಕೈಯಿಡಿರಿ.